ಮಂಜಿಗೆ ಕಾವಲು

ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಗುಡ್ಡಸಾಲಿಗೆ ಮರಿನ್ ಹೆಡ್‌ಲ್ಯಾಂಡ್ಸ್ ಎನ್ನುತ್ತಾರೆ. ಒಳಗೆ ಹೋಗಲು ಸೈನ್ಯದವರು 1918ರಲ್ಲಿ ಕೊರೆದ ಸುರಂಗವೊಂದಿದೆ. ಕಾರುಗಳಿಗೆ ಒಂದೇ ಸಾಲು. ಹಾಗಾಗಿ ಐದು ನಿಮಿಷ ಆ ಕಡೆಯವರ ಸರದಿ, ಐದು ನಿಮಿಷ ಈ ಕಡೆಯವರದು. ಎಲ್ಲರೂ ಎಂಜಿನ್ ಆರಿಸಿ ಕೂತಿದ್ದರು. ಒಬ್ಬರಾದರೂ ಹಾರ್ನ್ ಒತ್ತಲಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ ಕಂಡ ಜೀವಕ್ಕೆ ಇವತ್ತಿನ ಮೊದಲ ಸೋಜಿಗ ಇದೇ.

*

ರೋಡಿಯೊ ಬೀಚ್. ಇಲ್ಲಿ ನಯವಾದ ಮರಳಿಲ್ಲ, ಉಗುರಿಗಿಂತ ಚಿಕ್ಕ ಹರಳುಕಲ್ಲುಗಳು. ಅದರಲ್ಲಿ ಕೆಂಪಗಿರುವುದು ಚರ್ಟ್: ರೇಡಿಯೋಲೇರಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು ಸಮುದ್ರದ ತಳಕ್ಕಿಳಿದು, ಪದರ ಪದರವಾಗಿ ಕೂತು ಕಲ್ಲಾದದ್ದು. ಬೀಚಿನ ಬೆನ್ನಿಗೇ ಫೋರ್ಟ್ ಕ್ರಾಂಕೈಟ್‌ನ ಮರದ ಬ್ಯಾರಕ್‌ಗಳು. ಎರಡನೇ ಮಹಾಯುದ್ಧದ ಕಾಲದವು; ಬಣ್ಣ ಬಳಿದು, ಸೂರು ಸರಿಮಾಡಿ ಇಟ್ಟಿದ್ದಾರೆ. ಪಾಳುಬಿದ್ದ ನೆಲೆಗಳು ಇನ್ನೂ ಮೇಲಿವೆ.

*

ಅಲ್ಲಿಗೆ ಹತ್ತುವ ದಾರಿ ಚಾರಣಿಗರಿಗೆಂದು ಮಾಡಿದ್ದಲ್ಲ. ಮಿಲಿಟರಿ ಟ್ರಕ್ಕುಗಳಿಗೆ ಹಾಕಿದ ಡಾಂಬರು ರಸ್ತೆ ಇದು. ಅಲ್ಲಲ್ಲಿ ಗುಡ್ಡ ಜರಿದು ರಸ್ತೆ ಮಾಯವಾಗಿದೆ, ಅಂಥ ಕಡೆ ಮೆಟ್ಟಿಲು. ಹಿಂದಿನಿಂದ ಕನ್ನಡ ಕೇಳಿಸಿತು: ‘ಇಷ್ಟು ಹತ್ತಿದ್ಮೇಲೆ ವ್ಯೂ ಇಲ್ಲ ಅಂದ್ರೆ ಹೆಂಗೆ?’ ನಿಜಕ್ಕೂ ವ್ಯೂ ಇರಲಿಲ್ಲ. ಎಡಗಡೆ ಪೆಸಿಫಿಕ್ ಸಾಗರ ಇರಬೇಕಾದ ಜಾಗದಲ್ಲಿ ಬರೀ ಬಿಳುಪು. ಅಲೆಯ ಸದ್ದು ಮಾತ್ರ ಕೆಳಗಿನಿಂದ ಬರುತ್ತಿತ್ತು.

*

ಬ್ಯಾಟರಿ ಟೌನ್ಸ್‌ಲಿ. ಬ್ಯಾಟರಿಯೆಂದರೆ ಇಲ್ಲಿ ಫಿರಂಗಿ ನೆಲೆ. ಕಾಂಕ್ರೀಟಿನ ಬಾಯಿಯೊಂದು ಗುಡ್ಡದೊಳಗಿಂದ ಆಕಳಿಸುತ್ತಿದೆ. ಮೇಲೆಲ್ಲ ಮಣ್ಣು, ಹುಲ್ಲು, ಪೊದೆ. ಮೇಲೆ ಹಾರುವವನಿಗೆ ಬರೀ ಗುಡ್ಡ ಕಾಣಬೇಕೆಂಬ ಉಪಾಯ. 1938ರಲ್ಲಿ ಕೆಲಸ ಶುರುವಾಗಿ, 1940ರ ಜುಲೈನಲ್ಲಿ ಮೊದಲ ಸಲ ಪರೀಕ್ಷೆಗೆಂದು ಗುಂಡು ಹಾರಿಸಿದರು. ಎರಡು ಫಿರಂಗಿ. ಬಾಯಿಯ ಅಗಲ 16 ಅಂಗುಲ, ಒಂದೊಂದು ಗುಂಡಿನ ತೂಕ ಸುಮಾರು 950 ಕಿಲೋ, ಹೋಗಿ ಬೀಳುವುದು 40 ಕಿಲೋಮೀಟರಿನಾಚೆ. ಮೆಜೆಸ್ಟಿಕ್‌ನಿಂದ ಹಾರಿಸಿದರೆ ಬಿಡದಿ ದಾಟಿ ರಾಮನಗರದ ಹತ್ತಿರಕ್ಕೆ.

ಶತ್ರುವಿನ ಮೇಲೆ ಒಂದು ಗುಂಡೂ ಹಾರಲಿಲ್ಲ. 1948ರಲ್ಲಿ ಎರಡೂ ಫಿರಂಗಿಗಳನ್ನು ಗುಜರಿಗೆ ಕಡಿದುಹಾಕಿದರು. ಈಗ ಹೊರಗೆ ಮಲಗಿರುವ ನಳಿಗೆ ಇಲ್ಲಿನದಲ್ಲ. ಮಿಸೌರಿ ಯುದ್ಧನೌಕೆಯದು, 2012ರಲ್ಲಿ ತಂದಿಟ್ಟದ್ದು. 68 ಅಡಿ ಉದ್ದ. ಹುಡುಗನೊಬ್ಬ ಅದರ ಪಕ್ಕದಲ್ಲಿ ಹೆಜ್ಜೆ ಎಣಿಸುತ್ತ ಹೊರಟು, ನಡುವೆ ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಶುರುಮಾಡಿದ. ಬುಡದ ಹತ್ತಿರ ಅದರ ದಪ್ಪ ಅವನ ಎತ್ತರವನ್ನೂ ಮೀರಿತ್ತು.

*

40 ಕಿಲೋಮೀಟರ್ ದೂರದ ಹಡಗನ್ನು ಕಾಣುವುದಾದರೂ ಹೇಗೆ? ಬೀಚಿನಲ್ಲಿ ನಿಂತವನಿಗೆ ದಿಗಂತ ಐದು ಕಿಲೋಮೀಟರಿಗೇ ಮುಗಿಯುತ್ತದೆ, ಭೂಮಿ ಬಾಗಿರುವುದರಿಂದ. 150 ಮೀಟರ್ ಎತ್ತರ ಹತ್ತಿದರೆ ಸುಮಾರು 44 ಕಿಲೋಮೀಟರ್. ಗುಡ್ಡ ಬೇಕಾಗಿದ್ದು ಫಿರಂಗಿಗಲ್ಲ, ಕಣ್ಣಿಗೆ. ಇದು ತಲೆಗೆ ಹೋದ ಮೇಲೆ ದಾರಿಬದಿಯ ಚಿಕ್ಕ ಚಿಕ್ಕ ಗೂಡುಗಳು ಬೇರೆಯಾಗಿಯೇ ಕಾಣತೊಡಗಿದವು. ಅವು ಅಡಗುತಾಣಗಳಿರಬಹುದೆಂದು ದಾಟಿಹೋಗುವವರೇ ಹೆಚ್ಚು. ಅವೆಲ್ಲ ನೋಡುವ ಕೋಣೆಗಳು.

ಒಂದರ ಬಾಗಿಲಲ್ಲಿ ಬಗ್ಗಿ ನೋಡಿದೆ. ಇಬ್ಬರು ಮೂವರು ನಿಂತರೆ ಭುಜಕ್ಕೆ ಭುಜ ತಾಗುವಷ್ಟು ಜಾಗ. ಸಮುದ್ರದ ಕಡೆಗೆ ಗೋಡೆಯಲ್ಲಿ ಅಡ್ಡಕ್ಕೆ ಸೀಳಿದ ಕಿಂಡಿ. ನಡುವೆ ದೂರದರ್ಶಕ ಕೂರಿಸುತ್ತಿದ್ದ ಕಂಬ, ತುಕ್ಕು ಹಿಡಿದು ಪಕಳೆ ಪಕಳೆ ಏಳುತ್ತಿದೆ. ನೆಲದಲ್ಲಿ ಬಿಯರ್ ಡಬ್ಬಿ, ಒದ್ದೆ ಎಲೆ. ಮೂಲೆಯಲ್ಲಿ ಬಸವನಹುಳು. ಕಿಂಡಿಯಿಂದ ಮಂಜು ಒಳಗೆ ಬಂದು ಬಾಗಿಲಿನಿಂದ ಆಚೆ ಹೋಗುತ್ತಿತ್ತು.

ಲೆಕ್ಕ ನಮ್ಮ ಹೈಸ್ಕೂಲಿನ ತ್ರಿಕೋನಮಿತಿಯೇ. ಕರಾವಳಿಯುದ್ದಕ್ಕೆ ಇಂಥ ಗೂಡುಗಳು. ಯಾವ ಎರಡರ ನಡುವೆ ಎಷ್ಟು ದೂರವೆಂದು ಮೊದಲೇ ಅಳೆದಿಟ್ಟಿರುತ್ತಾರೆ. ನಿಗದಿತ ಹೊತ್ತಿಗೊಮ್ಮೆ ಎಲ್ಲ ಗೂಡುಗಳಲ್ಲೂ ಗಂಟೆ ಹೊಡೆಯುತ್ತದೆ. ಆ ಕ್ಷಣಕ್ಕೆ ಹಡಗು ಯಾವ ಕೋನದಲ್ಲಿದೆಯೆಂದು ಇಬ್ಬರು ಎರಡು ಕಡೆಯಿಂದ ಫೋನಿನಲ್ಲಿ ಹೇಳುತ್ತಾರೆ. ನೆಲದೊಳಗಿನ ಕೋಣೆಯಲ್ಲಿ ಮತ್ತೊಬ್ಬ ಅದನ್ನು ಹಲಗೆಯ ಮೇಲೆ ಗುರುತು ಹಾಕುತ್ತಾನೆ. ಗುಂಡು ಅಷ್ಟು ದೂರ ಹೋಗಿ ಬೀಳಲು ನಿಮಿಷಕ್ಕೂ ಹೆಚ್ಚು ಬೇಕು. ಇಪ್ಪತ್ತು ನಾಟ್ ವೇಗದ ಹಡಗು ಅಷ್ಟರಲ್ಲಿ ಆರುನೂರು ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಹಡಗು ಇರುವ ಕಡೆಗಲ್ಲ, ಇರಲಿರುವ ಕಡೆಗೆ ಗುರಿ. ಇಷ್ಟು ಸೊಗಸಾದ ಏರ್ಪಾಡು ಸಂಪೂರ್ಣ ನಿಂತಿರುವುದು ಒಂದೇ ಸಂಗತಿಯ ಮೇಲೆ: ಹಡಗು ಕಾಣಬೇಕು.

*

ಕಾಣುವುದಿಲ್ಲವಲ್ಲ! ನನಗೆ ಗೊಂದಲ ಶುರುವಾದದ್ದು ಇಲ್ಲಿಂದ. ಈ ಕರಾವಳಿಯಲ್ಲಿ ಬೇಸಿಗೆಯೆಂದರೇ ಮಂಜು. ಗಾಳಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ, ಆಳದ ತಣ್ಣೀರು ಮೇಲೇಳುತ್ತದೆ, ಅದರ ಮೇಲೆ ಹಾಯುವ ತೇವದ ಗಾಳಿ ತಣಿದು ಮಂಜಾಗುತ್ತದೆ. ಒಳನಾಡಿನ ಸೆಂಟ್ರಲ್ ವ್ಯಾಲಿ ಬಿಸಿಲಿಗೆ ಕಾದು ಈ ಮಂಜನ್ನು ಗೋಲ್ಡನ್ ಗೇಟ್ ಕಂಡಿಯೊಳಗಿಂದ ಎಳೆದುಕೊಳ್ಳುತ್ತದೆ. ಅಂದರೆ ಶತ್ರು ಯಾವ ಬಾಗಿಲಿಂದ ಬರಬಹುದೆಂದು ಇವರು ಕಾದರೋ ಮಂಜಿನ ಬಾಗಿಲೂ ಅದೇ. ಊರವರು ಮಂಜಿಗೆ ಕಾರ್ಲ್ ಎಂದು ಹೆಸರಿಟ್ಟು ಮುದ್ದು ಮಾಡುತ್ತಾರೆ. ಕಿಂಡಿಯಲ್ಲಿ ಪಾಳಿ ಮಾಡಿದ ಸೈನಿಕ ಏನೆಂದು ಕರೆದಿರಬಹುದೋ, ಅಚ್ಚು ಹಾಕುವಂಥದ್ದಿರಲಾರದು.

ಯುದ್ಧದ ನಡುವೆ ರೇಡಾರ್ ಬಂತು. ಎಸ್‌ಸಿಆರ್-296 ಎಂಬ ಮಾದರಿಯನ್ನು ಗೋಪುರದ ಮೇಲಿಟ್ಟು, ನೀರಿನ ಟ್ಯಾಂಕಿನಂತೆ ಕಾಣಲಿ ಎಂದು ಸುತ್ತ ಹೊದಿಕೆ ಹಾಕುತ್ತಿದ್ದರು. ಮಂಜಿನೊಳಗೂ ನೋಡಬಲ್ಲ ಕಣ್ಣು ಸಿಗುವ ಹೊತ್ತಿಗೆ ನೋಡಬೇಕಾದ ಹಡಗುಗಳ ಕಾಲವೇ ಮುಗಿಯುತ್ತ ಬಂದಿತ್ತು. ಪರ್ಲ್ ಹಾರ್ಬರ್‌ನಲ್ಲಿ ಯುದ್ಧನೌಕೆಗಳನ್ನು ಮುಳುಗಿಸಿದ್ದು ವಿಮಾನಗಳು. ಕ್ಯಾಲಿಫೋರ್ನಿಯಾ ತೀರಕ್ಕೆ ಜಪಾನಿನವರು ಬಂದದ್ದೂ ನಿಜವೇ. ಆದರೆ ಜಲಾಂತರ್ಗಾಮಿಗಳಲ್ಲಿ, ಈ ಫಿರಂಗಿಗಳಿಗೆ ಎಟುಕದ ದೂರದಲ್ಲಿ. 1941ರ ಡಿಸೆಂಬರ್‌ನಲ್ಲಿ ಮಾಂಟೆಬೆಲ್ಲೊ ಎಂಬ ತೈಲಹಡಗನ್ನು ಮುಳುಗಿಸಿದರು. 1942ರ ಫೆಬ್ರವರಿಯಲ್ಲಿ ಸಾಂತಾ ಬಾರ್ಬರಾ ಹತ್ತಿರದ ಎಲ್‌ವುಡ್ ತೈಲಕೇಂದ್ರಕ್ಕೆ ಗುಂಡು ಹೊಡೆದು ಹೋದರು.

*

ಮೇಲಕ್ಕೆ ಮೇಲಕ್ಕೆ. ಹಿಲ್ 88. ತಲೆ ಬೋಳಿಸಿ ಸಮತಟ್ಟು ಮಾಡಿದ ಗುಡ್ಡ. ಕಿಟಕಿಯಿಲ್ಲದ ಕಟ್ಟಡಗಳು, ಗೋಡೆ ತುಂಬ ಗೀಚು, ಪ್ರೇಮಿಗಳ ಹೆಸರು. ಇದು ಮುಂದಿನ ಯುದ್ಧದ ಪಾಳು, ಶೀತಲ ಸಮರದ್ದು. ವಿಮಾನ ಹೊಡೆದುರುಳಿಸುವ ನೈಕಿ ಎಂಬ ಕ್ಷಿಪಣಿಗಳ ರೇಡಾರ್ ಇದ್ದದ್ದು ಇಲ್ಲಿ. ಕ್ಷಿಪಣಿಗಳು ಮಾತ್ರ ಕೆಳಗೆ ಬೀಚಿನ ಹಿಂದಿನ ಲಗೂನಿನ ಬಳಿ, ನೆಲದೊಳಗೆ. ಒಂದೇ ಆಯುಧವನ್ನು ಗುಡ್ಡಕ್ಕೊಂದು ಅರ್ಧ, ಕಣಿವೆಗೊಂದು ಅರ್ಧ ಹಂಚಿದ್ದೇಕೆ? ಕಾರಣ ಮತ್ತೆ ಕಣ್ಣಿನದೇ. ಕ್ಷಿಪಣಿ ನೆಟ್ಟಗೆ ಮೇಲೇಳುತ್ತದೆ. ಒಂದು ರೇಡಾರ್ ಶತ್ರು ವಿಮಾನವನ್ನು ಹಿಂಬಾಲಿಸಿದರೆ ಇನ್ನೊಂದು ನಮ್ಮದೇ ಕ್ಷಿಪಣಿಯನ್ನು ಬಿಡದೆ ಹಿಂಬಾಲಿಸಬೇಕು. ತೀರಾ ಹತ್ತಿರವಿದ್ದರೆ ಅಷ್ಟು ಬೇಗ ಕತ್ತೆತ್ತಲು ಅದಕ್ಕಾಗದು. ಅದಕ್ಕೇ ಈ ದೂರ.

ನೈಕಿಯ ಹರ್ಕ್ಯುಲಿಸ್ ಮಾದರಿಗೆ ಅಣುಸಿಡಿತಲೆಯನ್ನೂ ಜೋಡಿಸಬಹುದಿತ್ತು. ಬಾಂಬರ್ ವಿಮಾನಗಳ ದಂಡು ಬಂದರೆ ಆಕಾಶದಲ್ಲೇ ಅಣುಬಾಂಬು ಸಿಡಿಸಿ ಊರನ್ನು ಕಾಪಾಡುವ ಯೋಜನೆ. ಓದಿದಷ್ಟೂ ಇದು ನನಗೆ ಅರ್ಥವಾಗುವುದಿಲ್ಲ. 1954ರಲ್ಲಿ ಶುರುವಾದ ನೆಲೆ 1974ರಲ್ಲಿ ಮುಚ್ಚಿತು. ಖಂಡಾಂತರ ಕ್ಷಿಪಣಿ ಬಂದ ಮೇಲೆ ಬಾಂಬರ್ ಕಾಯುವ ಕಣ್ಣಿಗೂ ಕೆಲಸ ಕಡಿಮೆಯಾಯಿತು. ಕೆಳಗಿನ ಅರ್ಧವನ್ನು ಮಾತ್ರ ರಿಪೇರಿ ಮಾಡಿ ಜನರಿಗೆ ತೋರಿಸುತ್ತಾರೆ. ಪಕ್ಕದ ಇನ್ನೊಂದು ನೈಕಿ ನೆಲೆಯಲ್ಲಿ ಗಾಯಗೊಂಡ ಸೀಲ್‌ಗಳ ಆಸ್ಪತ್ರೆಯಿದೆ.

*

‘ಸೈನ್ಯ ಇದ್ದದ್ದಕ್ಕೇ ಈ ಗುಡ್ಡ ಉಳಿಯಿತು’ ಎಂದು ಇಲ್ಲಿ ಹಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಪೂರ್ತಿ ಸರಿಯಲ್ಲ. ಇದೇ ಹೆಡ್‌ಲ್ಯಾಂಡ್ಸ್‌ನ ನಡುವಿನ ಕಣಿವೆ ಖಾಸಗಿಯವರದಾಗಿತ್ತು. ಅಲ್ಲಿ ಮೂವತ್ತು ಸಾವಿರ ಜನರಿಗೆ ಮರಿನ್‌ಚೆಲ್ಲೊ ಎಂಬ ಹೊಸ ಊರು ಕಟ್ಟಲು ಥಾಮಸ್ ಫ್ರೂಜ್ ಎಂಬ ಬಿಲ್ಡರ್, ಗಲ್ಫ್ ಆಯಿಲ್ ಕಂಪನಿಯ ದುಡ್ಡಿನಿಂದ, 1960ರ ದಶಕದಲ್ಲಿ ಹೊರಟಿದ್ದ. ಅದನ್ನು ತಡೆದದ್ದು ಫಿರಂಗಿಯಲ್ಲ. ಊರವರು, ವಕೀಲರು, ಕೋರ್ಟಿನ ಕೇಸು. 1972ರಲ್ಲಿ ಜಮೀನು ಸಂರಕ್ಷಣೆಯವರ ಕೈಗೆ ಬಂತು. ಅದೇ ವರ್ಷ ರಾಷ್ಟ್ರೀಯ ಉದ್ಯಾನದ ಕಾನೂನೂ ಆಯಿತು. ವಕೀಲರ ಹೆಸರಿನಲ್ಲಿ ಇಲ್ಲಿ ಒಂದು ಬ್ಯಾಟರಿಯೂ ಇಲ್ಲ ಅನ್ನುವುದು ಬೇರೆ ಮಾತು.

*

ದಕ್ಷಿಣಕ್ಕೆ, ಸೇತುವೆಯ ಹತ್ತಿರ, ಹಾಕ್ ಹಿಲ್. ಅಲ್ಲಿ ಬ್ಯಾಟರಿ 129 ಅಂತ ಶುರುಮಾಡಿ ಯುದ್ಧದ ನಡುವೆಯೇ ಕೈಬಿಟ್ಟರು. ಫಿರಂಗಿ ಬಂದಿತ್ತು, ಕೂರಿಸಲಿಲ್ಲ. ಈಗ ಶರತ್ಕಾಲದಲ್ಲಿ ಅದೇ ನೆತ್ತಿಯ ಮೇಲೆ ಸ್ವಯಂಸೇವಕರು ನಿಂತು ಗಿಡುಗ, ಹದ್ದು, ಡೇಗೆಗಳನ್ನು ಎಣಿಸುತ್ತಾರೆ. ಬೇಟೆಹಕ್ಕಿಗಳಿಗೆ ನೀರಿನ ಮೇಲೆ ಹಾರುವುದು ಒಗ್ಗದು. ದಕ್ಷಿಣಕ್ಕೆ ವಲಸೆ ಹೊರಟವು ಕರಾವಳಿಗುಂಟ ಬಂದು ಈ ಮೂಲೆಯಲ್ಲಿ ಗುಂಪುಗೂಡುತ್ತವೆ. ದಿಕ್ಕುದಿಕ್ಕಿಗೆ ಒಬ್ಬೊಬ್ಬರು, ಕೈಯಲ್ಲಿ ದುರ್ಬೀನು, ಕಂಡದ್ದನ್ನು ಕೂಗಿ ಹೇಳಿದರೆ ಬರೆದುಕೊಳ್ಳುವವರು ಬೇರೆ. ಮಂಜು ಬಂದರೆ ಇವರಿಗೂ ಎಣಿಕೆ ಬಂದ್.

*

ದಾರಿಬದಿಯಲ್ಲಿ ಕಂಡಂಥದೇ ಒಂದು ನೋಡುವ ಗೂಡು ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ, ಡೆವಿಲ್ಸ್ ಸ್ಲೈಡ್ ಎಂಬಲ್ಲಿ, ಹೆದ್ದಾರಿಗೆ ಕಾಣುವ ಹಾಗೆ ನಿಂತಿದೆ. ನಿಂತಿದೆ ಅನ್ನುವುದೂ ಧೈರ್ಯದ ಮಾತೇ. ಸುತ್ತಲಿನ ಮಣ್ಣೆಲ್ಲ ಹೋಗಿ, ಮಣ್ಣಿನೊಳಗೆ ಹೂತಿಟ್ಟಿದ್ದ ಕಾಂಕ್ರೀಟು ಕೋಣೆ ಈಗ ಮೊನಚು ದಿಬ್ಬದ ತುದಿಯಲ್ಲಿ ಬೆತ್ತಲಾಗಿ ಕೂತಿದೆ. ಅಡಗಿರಬೇಕಾದ ಕಣ್ಣನ್ನು ದಿನವೂ ಸಾವಿರಾರು ಕಾರಿನವರು ನೋಡಿ ಫೋಟೋ ಹೊಡೆದುಕೊಳ್ಳುತ್ತಾರೆ. 1983ರಲ್ಲಿ ಅದನ್ನು ಖಾಸಗಿಯವರೊಬ್ಬರಿಗೆ ಮಾರಿದ್ದಾರಂತೆ. ಆ ಕೋಣೆ ಇಟ್ಟುಕೊಂಡು ಕೊಂಡವರು ಏನು ಮಾಡಬೇಕೆಂದಿದ್ದರೋ!