ಮೂಲೆಯ ಮನೆಗೆ ದಾರಿ

ಕಳೆದ ಆಟಿ ತಿಂಗಳ ಒಂದು ರಾತ್ರಿ, ಒಂಬತ್ತೂವರೆಯ ಹೊತ್ತಿಗೆ, ಮಳೆ ಬಿಡುವಿಲ್ಲದೆ ಸುರಿಯುತ್ತಿದ್ದಾಗ ನನ್ನ ಮೊಬೈಲು ರಿಂಗಣಿಸಿತು. ಎರಡು ದಿನದ ರಜೆ ಕಳೆಯಲೆಂದು ಬೆಂಗಳೂರಿನಿಂದ ಹೊರಟುಬಂದಿದ್ದ ಒಂದು ಕುಟುಂಬ. ಅವರು ತಂಗಬೇಕಾಗಿದ್ದುದು ಬದಿಯಡ್ಕದ ಆಚೆಗಿರುವ ನನ್ನ ಸೋದರಮಾವನ ಮನೆಯಲ್ಲಿ. "ತಲುಪಿದ್ದೀರಿ ಎಂದು ಮ್ಯಾಪು ಹೇಳುತ್ತಿದೆ ಸರ್. ಆದರೆ ಇಲ್ಲಿ ಮನೆಯೇ ಇಲ್ಲ. ಎದುರಿಗೆ ನೀರು ಹರಿಯುತ್ತಿದೆ. ಆಚೆ ದಡದಲ್ಲಿ ಒಂದು ದೀಪ ಕಾಣಿಸುತ್ತಿದೆ" ಎಂದರು ಆ ಕಡೆಯವರು.

ಆ ದೀಪವೇ ಮಾವನ ಮನೆ. ಅವರು ನಿಂತಿದ್ದುದು ತೋಡಿನ ಪಡುಬದಿಯಲ್ಲಿ, ಮನೆಯಿರುವುದು ಮೂಡುಬದಿಯಲ್ಲಿ. ನಡುವೆ ಜನ ದಾಟುವ ಸಂಕವೊಂದಿದೆಯೇ ಹೊರತು ಕಾರಿಗೆ ಸೇತುವೆಯಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿ ಆರು ಕಿಲೋಮೀಟರು ಸುತ್ತಿ ಬರಬೇಕಾಯಿತು. ಹಿಂದಿನ ಸೀಟಿನಲ್ಲಿ ಎಂಬತ್ತು ದಾಟಿದ ಅವರ ತಾಯಿ ಇದ್ದರು. ಮನೆ ಸೇರುವಾಗ ಗಂಟೆ ಹನ್ನೊಂದು ಕಳೆದಿತ್ತು.

ತಪ್ಪು ನನ್ನದು. ಮಾವ ಮೊಬೈಲು ಇಟ್ಟುಕೊಂಡವರಲ್ಲ. ಅವರ ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಕಾಸರಗೋಡಿನಲ್ಲಿ ವಕೀಲಿ ಮಾಡುತ್ತ ಹತ್ತಿರದಲ್ಲೇ ಇರುವವನೆಂದು, ನಕ್ಷೆಯಲ್ಲಿ ಮನೆಯ ಗುರುತು ಹಾಕುವ ಕೆಲಸ ನನಗೆ ಬಂದಿತ್ತು. ಅಂಗಳದ ನಡುವೆ ನಿಂತು ಹಾಕಿದ್ದೆ. ಗುರುತು ಸರಿಯಾಗಿಯೇ ಇತ್ತು. ಮರುದಿನ ಬೆಳಗ್ಗೆ ಅತಿಥಿಗಳಲ್ಲಿ ಕ್ಷಮೆ ಕೇಳಲು ಹೋದಾಗ ಮಾವ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ತಲೆಯೆತ್ತದೆಯೇ ಹೇಳಿದರು: "ನೀನು ಮನೆ ತೋರಿಸಿದ್ದು ಹೌದು ಮಾರಾಯ. ದಾರಿ ಹೇಳಲಿಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ರವಿವಾರ ಮಾವನನ್ನು ಕಾರಿನ ಮುಂದಿನ ಸೀಟಿನಲ್ಲಿ ಕುಳ್ಳಿರಿಸಿಕೊಂಡು ತಲಪಾಡಿಗೆ ಹೋದೆ. ಅಲ್ಲಿಂದ ಮನೆಯ ಅಂಗಳದವರೆಗೆ ಅವರು ಹೇಳಿದ ದಾರಿಯನ್ನು ಅಲ್ಲಲ್ಲಿ ಕಾರು ನಿಲ್ಲಿಸಿ ಬರೆದುಕೊಂಡೆ. ಅತಿಥಿಗಳಿಗೆ ಕಳುಹಿಸಲೆಂದು ಸಿದ್ಧವಾದ ಆ ಎರಡು ಪುಟಗಳೇ ಈ ಬರೆಹಕ್ಕೆ ಆಧಾರ. ಮನೆಯ ಪೂರ್ಣ ಹೆಸರನ್ನು ಇಲ್ಲಿ ಕೊಡುವುದಿಲ್ಲ. ಜಾಹೀರಾತು ನನ್ನ ಉದ್ದೇಶವಲ್ಲ. ಅದು 'ಮೂಲೆ' ಎಂಬ ಪದದಲ್ಲಿ ಕೊನೆಗೊಳ್ಳುತ್ತದೆ ಎಂದಷ್ಟೇ ತಿಳಿದರೆ ಸಾಕು.

ಮಂಗಳೂರಿನಿಂದ ಬರುವವರಿಗೆ ಕೇರಳ ಆರಂಭವಾಗುವುದು ತಲಪಾಡಿಯಲ್ಲಿ. 2020ರ ಮಾರ್ಚಿನಲ್ಲಿ ಈ ಗಡಿ ಮುಚ್ಚಿ, ಒಳದಾರಿಗಳಿಗೂ ಮಣ್ಣು ಬಿದ್ದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜನ ಪಟ್ಟ ಪಾಡನ್ನು ಓದುಗರು ಮರೆತಿರಲಾರರು. ಆ ಪ್ರಕರಣ ಹೈಕೋರ್ಟು ಹತ್ತಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದಾರಿಯೆಂದರೆ ಬರಿಯ ಡಾಮರಲ್ಲ ಎಂಬುದನ್ನು ಗಡಿನಾಡಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರು ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥಗಳದ್ದು. ಹಿಂದೆ ಇದು 17ನೆಯ ಸಂಖ್ಯೆಯ ಹೆದ್ದಾರಿಯಾಗಿದ್ದಾಗ ಕುಂಜತ್ತೂರು, ಮಂಜೇಶ್ವರ, ಹೊಸಂಗಡಿ, ಉಪ್ಪಳ, ಬಂದ್ಯೋಡು ಎಂದು ಒಂದೊಂದು ಪೇಟೆಯೂ ಕಾರಿನ ಕಿಟಕಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಈಗ ಪೇಟೆಗಳು ಸರ್ವಿಸ್ ರಸ್ತೆಯ ಬದಿಗೆ ಸರಿದಿವೆ. ಆದುದರಿಂದ ಮಾವನ ಮೊದಲ ಸೂಚನೆ: ಮಂಜೇಶ್ವರದಲ್ಲಿ ಒಮ್ಮೆ ಇಳಿಯಿರಿ. 1949ರಲ್ಲಿ ಅಂದಿನ ಮದ್ರಾಸು ಸರಕಾರ ರಾಷ್ಟ್ರಕವಿಯೆಂದು ಗೌರವಿಸಿದ ಗೋವಿಂದ ಪೈಗಳ ಮನೆ ಅಲ್ಲಿದೆ. ಅರ್ಧ ಗಂಟೆ ತಡವಾದರೆ ಏನೂ ನಷ್ಟವಿಲ್ಲ.

ಎರಡನೆಯ ಸೂಚನೆ: ಆರಿಕ್ಕಾಡಿಯ ಕೋಟೆ ಕಂಡಿತೆಂದರೆ ಕುಂಬಳೆ ಬಂದಿತೆಂದೇ ಲೆಕ್ಕ. ಪೇಟೆಗೆ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಇಳಿಯಲು ಮರೆತವರು ಕುಂಬಳೆಯನ್ನು ದಾಟಿ ಮೊಗ್ರಾಲಿನ ಕಡೆಗೆ ಹೋಗಿ, ಅಲ್ಲಿಂದ ಮರಳಿ ಬರಬೇಕಾಗುತ್ತದೆ. ಕುಂಬಳೆಯಿಂದ ಎಡಕ್ಕೆ, ಮೂಡು ದಿಕ್ಕಿಗೆ ಬದಿಯಡ್ಕದ ರಸ್ತೆ. ನಾಯ್ಕಾಪಿನ ಬಳಿ ಅನಂತಪುರಕ್ಕೆ ಹೋಗುವ ಒಳದಾರಿ ಸಿಗುತ್ತದೆ. ಸರೋವರದ ನಡುವಿನ ಆ ದೇವಾಲಯದ ಮೊಸಳೆ ಬಬಿಯ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಕಣ್ಣೀರಿಟ್ಟವರಲ್ಲಿ ಮಾವನೂ ಒಬ್ಬರು. ಸೀತಾಂಗೋಳಿಯಲ್ಲಿ ಪುತ್ತಿಗೆಯ ದಾರಿ ಹಿಡಿಯದೆ ಬೇಳ, ನೀರ್ಚಾಲುಗಳ ದಾರಿ ಹಿಡಿದರೆ ಬದಿಯಡ್ಕ. ಅಲ್ಲಿ ಚೆರ್ಕಳ–ಕಲ್ಲಡ್ಕ ರಸ್ತೆ ಅಡ್ಡವಾಗುತ್ತದೆ. ಎಡಕ್ಕೆ ತಿರುಗಿದರೆ ಪೆರ್ಲದ ದಿಕ್ಕು, ಪಳ್ಳತ್ತಡ್ಕ.

ಕಾಸರಗೋಡಿನಲ್ಲಿ ರೈಲು ಇಳಿಯುವವರಿಗೆ ಬೇರೆ ದಾರಿಯಿದೆ: ಚೆರ್ಕಳದಿಂದ ಎಡನೀರು ಮಾರ್ಗವಾಗಿ ಬದಿಯಡ್ಕ. ಎಡನೀರು ಎಂದಾಗ ನನ್ನೊಳಗಿನ ವಕೀಲ ಎಚ್ಚರಗೊಳ್ಳುತ್ತಾನೆ. ಭೂಸುಧಾರಣೆಯ ಕಾನೂನಿನ ವಿರುದ್ಧ ಈ ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಹೂಡಿದ ದಾವೆಯಲ್ಲೇ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂಬುದು ಅದರ ಸಾರ. ದೇಶದ ಯಾವ ಮೂಲೆಯ ಕಾನೂನು ವಿದ್ಯಾರ್ಥಿಯೂ ಈ ಪ್ರಕರಣವನ್ನು ಓದದೆ ಪಾಸಾಗಲಾರ. ಅದರ ಹುಟ್ಟೂರು ನಮ್ಮ ಬಸ್ಸಿನ ದಾರಿಯಲ್ಲಿದೆ.

ಪಳ್ಳತ್ತಡ್ಕ ದಾಟಿದ ಮೇಲೆ ಮಾವನ ಭಾಷೆಯೇ ಬದಲಾಯಿತು. ಎಡ, ಬಲ ಎಂಬ ಪದಗಳು ಮಾಯವಾದವು. "ಪದವು ಹತ್ತಬೇಕು. ಪದವು ಮುಗಿದಲ್ಲಿ ಕಟ್ಟೆ. ಕಟ್ಟೆಯಿಂದ ಬೈಲಿಗೆ ಇಳಿಯುವುದು. ಬೈಲಿನ ಬದುವಿನಲ್ಲೇ ಹೋದರೆ ಮಜಲು. ಮಜಲಿನಿಂದ ಆಚೆ ಮೂಲೆ." ಇಷ್ಟೇ. ನಲುವತ್ತು ವರ್ಷಗಳಿಂದ ಕೇಳುತ್ತಿದ್ದ ಈ ಪದಗಳು ಬರಿಯ ಹೆಸರುಗಳಲ್ಲ, ಸ್ವತಃ ದಾರಿಯೇ ಎಂಬುದು ನನಗೆ ಹೊಳೆದದ್ದು ಅಂದು. ಅಡ್ಕವೆಂದರೆ ಒಣ ಬಯಲು. ಪದವೆಂದರೆ ಗುಡ್ಡದ ತಲೆಯ ಸಮತಟ್ಟು. ಬೈಲೆಂದರೆ ತಗ್ಗಿನ, ನೀರಿರುವ ಗದ್ದೆಸಾಲು. ಮಜಲು ಅದಕ್ಕಿಂತ ಮೇಲಿನದು. ಬೆಟ್ಟು ಮಳೆಯನ್ನೇ ನಂಬಿದ ಮೇಲ್ಮಟ್ಟದ ಗದ್ದೆ. ಮೂಲೆಯೆಂದರೆ ಗುಡ್ಡಗಳ ನಡುವೆ ದಾರಿ ಮುಗಿಯುವ ಜಾಗ. ಹೆಸರಿನ ಕೊನೆಯನ್ನು ಕೇಳಿದರೆ ಏರಬೇಕೋ ಇಳಿಯಬೇಕೋ, ಮುಂದೆ ದಾರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಆ ರಾತ್ರಿಯ ಅತಿಥಿಗಳಿಗೆ ಇದನ್ನು ಹೇಳಿದ್ದರೆ, ಬೈಲಿಗೆ ಇಳಿಯದೆ ತೋಡಿನ ದಡಕ್ಕೆ ಬಂದುಬಿಟ್ಟಾಗಲೇ ಅವರಿಗೆ ದಾರಿ ತಪ್ಪಿದ್ದು ಗೊತ್ತಾಗುತ್ತಿತ್ತು.

ಅವರು ದಾರಿ ಕೇಳಿರಲಿಲ್ಲವೆಂದಲ್ಲ. ಕೈಕಂಬದ ಪಕ್ಕದ ಅಂಗಡಿಯಲ್ಲಿ ಕೇಳಿದ್ದರಂತೆ. ನಕ್ಷೆಯಲ್ಲಿದ್ದ ಇಂಗ್ಲಿಷ್ ಕಾಗುಣಿತವನ್ನು ಓದಿ, ಮನೆಯ ಹೆಸರಿನ ಕೊನೆಗೆ 'ಮ್ಯೂಲ್' ಎಂದಿದ್ದರು. ಅಂಗಡಿಯ ಕಾಕನಿಗೆ ಅರ್ಥವಾಗಲಿಲ್ಲ. ಅವರ ಮನೆಮಾತು ಮಲಯಾಳ. ಆ ಭಾಷೆಯಲ್ಲೂ ಮೂಲೆಗೆ 'ಮೂಲ' ಎಂದೇ ಹೇಳುತ್ತಾರೆ. ಕನ್ನಡದಲ್ಲಿ ಕೇಳಿದ್ದರೂ ಮಲಯಾಳದಲ್ಲಿ ಕೇಳಿದ್ದರೂ ಅವರು ಅಂಗಡಿಯಿಂದ ಹೊರಗೆ ಬಂದು ಕೈತೋರಿಸುತ್ತಿದ್ದರು. "ಕತ್ತೆಯನ್ನೋ ಕುದುರೆಯನ್ನೋ ಹುಡುಕಿಕೊಂಡು ಬಂದವರೆಂದು ಎಣಿಸಿದೆ ವಕೀಲರೇ" ಎಂದು ಈಗ ನಗುತ್ತಾರೆ.

ಹೆಸರುಗಳ ವಿಷಯ ನಮ್ಮಲ್ಲಿ ಸೂಕ್ಷ್ಮವಾದುದು. 2021ರಲ್ಲಿ ಮಧೂರು 'ಮಧುರಂ' ಆಗಲಿದೆ, ಮಲ್ಲ 'ಮಲ್ಲಂ' ಆಗಲಿದೆ ಎಂಬ ಸುದ್ದಿ ಹಬ್ಬಿ ಎರಡು ರಾಜ್ಯಗಳಲ್ಲಿ ಗದ್ದಲವಾಯಿತು. ಅಂತಹ ಯಾವ ತೀರ್ಮಾನವೂ ಇಲ್ಲವೆಂದು ಕೇರಳ ಸರಕಾರ ಸ್ಪಷ್ಟಪಡಿಸಿತು. ಆದರೆ ಹೆಸರು ಸವೆಯಲು ಆದೇಶ ಬೇಕಾಗಿಲ್ಲ. ಬದಿಯಡ್ಕ ಮಲಯಾಳದ ಫಲಕದಲ್ಲಿ 'ಬದಿಯಡುಕ್ಕ'ವಾಗುತ್ತದೆ, ಕಾರಡ್ಕ 'ಕಾರಡುಕ್ಕ'ವಾಗುತ್ತದೆ. ಅಡ್ಕದ ಬಯಲು ಅಲ್ಲಿಯೇ ಕಾಣೆಯಾಗುತ್ತದೆ. ನೀರ್ಚಾಲು ಮಾತ್ರ ಎರಡೂ ಭಾಷೆಗಳಲ್ಲಿ ನೀರು ಹರಿಯುವ ಚಾಲೇ ಆಗಿ ಉಳಿದಿದೆ. ಫಲಕ ಬರೆದವರನ್ನು ದೂರುವ ಮೊದಲು ನನ್ನನ್ನೇ ಕೇಳಿಕೊಳ್ಳಬೇಕು: ನಕ್ಷೆಯಲ್ಲಿ ಮೂಲೆಯನ್ನು 'ಮ್ಯೂಲ್' ಮಾಡಿದ್ದು ಯಾವ ಸರಕಾರ? ಕಾಗುಣಿತ ತುಂಬಿದ್ದು ನಾನೇ.

ಮಾವನ ಪೆಟ್ಟಿಗೆಯಲ್ಲಿ ಈ ಜಾಗದ ಹಳೆಯ ದಸ್ತಾವೇಜಿದೆ. 1956ರ ನವೆಂಬರ್ 1ಕ್ಕೆ ಮೊದಲು, ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದ್ದು, ಕನ್ನಡದಲ್ಲಿ ಬರೆದದ್ದು. ಅದರ ಗಡಿ ವಿವರದಲ್ಲಿ ಮೂಡು, ತೆಂಕು, ಪಡು, ಬಡಗು ಎಂದು ನಾಲ್ಕು ದಿಕ್ಕುಗಳು, ಒಂದೊಂದಕ್ಕೂ ಒಂದು ತೋಡು, ಒಂದು ಅಗಳು, ಒಂದು ದರೆ, ಒಂದು ಮಜಲಿನ ಹೆಸರು. ಇಂತಹ ಹೆಸರುಗಳು ನನ್ನ ವೃತ್ತಿಯ ಅನ್ನ. ಸಾಕ್ಷಿಕಟ್ಟೆಯಲ್ಲಿ ನಿಂತ ಮುದುಕರೊಬ್ಬರಿಗೆ ಒಂದು ಹೆಸರು ನೆನಪಿಗೆ ಬಾರದೆ ಅರ್ಧ ಎಕರೆ ಕೈತಪ್ಪಿಹೋದುದನ್ನು ಕಂಡಿದ್ದೇನೆ.

ಅಂದು ಕಾರಿನಲ್ಲಿ ಅದೇ ಆಯಿತು. ಕಟ್ಟೆಯಿಂದ ಇಳಿದು ಬೈಲಿಗೆ ಬರುವ ಮೊದಲು ಒಂದು ತಿರುವಿದೆ. ಮಾವ "ನಿಲ್ಲಿಸು" ಎಂದರು. ಒಂದು ಕಾಲಕ್ಕೆ ಗದ್ದೆಯಾಗಿದ್ದ ಜಾಗ ಈಗ ರಬ್ಬರು ತೋಟ. ಬಹಳ ಹೊತ್ತು ನೋಡಿದರು. "ಇಲ್ಲಿಗೆ ಒಂದು ಹೆಸರು ಇತ್ತು. ಅಮ್ಮ ಹೇಳುತ್ತಿದ್ದರು. ಈಗ ಬಾಯಿಗೆ ಬರುವುದಿಲ್ಲ" ಎಂದರು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಬರಲಿಲ್ಲ. ದಸ್ತಾವೇಜಿನಲ್ಲೂ ಇಲ್ಲ, ಆ ಗದ್ದೆ ನಮ್ಮದಾಗಿರಲಿಲ್ಲ.

ಮನೆಯನ್ನು ಅತಿಥಿಗಳಿಗೆ ತೆರೆದದ್ದು ಲಾಭಕ್ಕಲ್ಲ. ಬೀಗ ಹಾಕಿದ ಮನೆಗೆ ಎರಡು ಮಳೆಗಾಲದಲ್ಲಿ ಗೆದ್ದಲು ಹತ್ತುತ್ತದೆ. ಮಾವನ ಮಗನ ಲೆಕ್ಕಾಚಾರ ಸರಿಯಾಗಿಯೇ ಇತ್ತು: ಜನ ಬಂದುಹೋಗುತ್ತಿದ್ದರೆ ಹೆಂಚು ಬದಲಾಗುತ್ತದೆ, ಒಲೆ ಉರಿಯುತ್ತದೆ, ಅಪ್ಪನಿಗೆ ಮಾತಿಗೆ ಜನ ಸಿಗುತ್ತಾರೆ. ರಸ್ತೆಬದಿಯ ಫಲಕಕ್ಕೆ ಅವನು ಒಂದು ಇಂಗ್ಲಿಷ್ ಹೆಸರು ಆರಿಸಿದ್ದ. "ಬರುವವರಿಗೆ ಹೇಳಲು ಬರಬೇಡವೇ ಭಾವ?" ಎಂಬುದು ಅವನ ವಾದ. ಮಾವ ಏನೂ ಹೇಳಲಿಲ್ಲ, ಊಟದಿಂದ ಬೇಗ ಎದ್ದರು. ನಾನು ಎಡನೀರಿನ ತೀರ್ಪನ್ನೇ ಎತ್ತಿಕೊಂಡೆ: ಸ್ನಾನದ ಮನೆ ಬದಲಾಯಿಸು, ಮಂಚ ತರಿಸು, ಕರಾರುಪತ್ರವನ್ನು ಇಂಗ್ಲಿಷಿನಲ್ಲೇ ಬರೆಯೋಣ. ಹೆಸರು ಮೂಲ ಸ್ವರೂಪ, ಅದಕ್ಕೆ ತಿದ್ದುಪಡಿಯಿಲ್ಲ. ಅವನು ನಕ್ಕ. ಒಪ್ಪಿದನೋ ಗೊತ್ತಿಲ್ಲ, ಆದರೆ ಚೌತಿಗೆ ಬರುವಾಗ ಫಲಕ ಮಾಡಿಸಿಕೊಂಡು ಬಂದ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಒಂದೇ ಹೆಸರು, ಮೂಲೆಯೊಂದಿಗೆ. ಕಾಕನ ಅಂಗಡಿಯ ಎದುರಿನ ಕಂಬಕ್ಕೆ ಅದನ್ನು ಕಟ್ಟಿದ್ದೇವೆ.

ಈಗ ಬರುವವರಿಗೆ ನಕ್ಷೆಯ ಗುರುತಿನ ಜೊತೆಗೆ ಆ ಎರಡು ಪುಟಗಳನ್ನೂ ಕಳುಹಿಸುತ್ತೇವೆ. ಬದಿಯಡ್ಕದಲ್ಲೇ ಪೆಟ್ರೋಲು ತುಂಬಿಸಿಕೊಳ್ಳಿ. ಮಳೆಗಾಲದಲ್ಲಿ ಸಂಜೆ ಆರಕ್ಕೆ ಮೊದಲು ಪಳ್ಳತ್ತಡ್ಕ ದಾಟಿ. ಬೈಲಿನ ದಾರಿ ಒಂದೇ ಕಾರಿನ ಅಗಲ, ತಿರುವಿನಲ್ಲಿ ಹಾರ್ನು ಹಾಕಿ. ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ ಗಾಬರಿಯಾಗಬೇಡಿ. ಯಾವ ಮನೆಯಲ್ಲಾದರೂ ಹೆಸರು ಹೇಳಿ ಕೇಳಿ, ನೀರು ಬೆಲ್ಲ ಕೊಟ್ಟೇ ದಾರಿ ಹೇಳುತ್ತಾರೆ.

ಕಟ್ಟೆಗೂ ಬೈಲಿಗೂ ನಡುವೆ ಆ ಪುಟದಲ್ಲಿ ಒಂದು ಗೆರೆಯನ್ನು ಖಾಲಿ ಬಿಟ್ಟಿದ್ದೇನೆ. ಪಳ್ಳತ್ತಡ್ಕದ ಆಸುಪಾಸಿನ ಹಿರಿಯರು ಯಾರಾದರೂ ಈ ಪತ್ರಿಕೆಯನ್ನು ಓದುತ್ತಿದ್ದರೆ, ಕಟ್ಟೆಯ ಕೆಳಗಿನ ತಿರುವಿನಲ್ಲಿ, ರಬ್ಬರು ಬರುವ ಮೊದಲು ಇದ್ದ ಆ ಗದ್ದೆಯ ಹೆಸರು ನೆನಪಿದ್ದರೆ, ದಯವಿಟ್ಟು ತಿಳಿಸಿ. ಮಾವ ದಿನವೂ ಜಗಲಿಯಲ್ಲಿ ಕುಳಿತು ಅದನ್ನು ನೆನಪಿಸಿಕೊಳ್ಳಲು ನೋಡುತ್ತಾರೆ.