ಬರಿದು ಪೆಟ್ಟಿಗೆ

ಕಂಪ್ಲಿಯ ಹಳೆಯ ಮನೆತನಗಳಲ್ಲಿ ನೆರೆಯವರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ವಾಡಿಕೆಯಿಲ್ಲ. ತಳದಲ್ಲಿ ಹಿಡಿ ಅಕ್ಕಿಯಾದರೂ ಇರಬೇಕು. ಅಲ್ಲಿಯ ನಿವೃತ್ತ ಮೇಷ್ಟರೊಬ್ಬರಿಗೆ ಮಗ ಬೆಂಗಳೂರಿನಿಂದ ಸ್ಮಾರ್ಟ್‌ಫೋನ್ ಕಳುಹಿಸಿದ. ಆ ರಾತ್ರಿ ಅವನು ವಿದೇಶಕ್ಕೆ ಹೊರಡುವವನು. ಮುಖ ನೋಡಿ ಹರಸಬೇಕಿತ್ತು. ಪೆಟ್ಟಿಗೆಯಲ್ಲಿ ಫೋನಿತ್ತು, ತಂತಿಯಿತ್ತು, ಚಾರ್ಜರ್ ಇರಲಿಲ್ಲ!

2020ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿಯೂ, 2021ರ ಜನವರಿಯಲ್ಲಿ ಸ್ಯಾಮ್‌ಸಂಗ್ ಕಂಪನಿಯೂ ತಮ್ಮ ಹೊಸ ಫೋನುಗಳೊಡನೆ ಚಾರ್ಜರ್ ಕೊಡುವುದನ್ನು ನಿಲ್ಲಿಸಿದವು. ಎಲ್ಲರ ಮನೆಯಲ್ಲೂ ಹಳೆಯದಿದೆ, ಕಸ ತಗ್ಗಲಿ ಎಂಬುದು ಸಮರ್ಥನೆ. ಮೇಷ್ಟರ ಮನೆಯಲ್ಲೂ ಹಳೆಯದಿತ್ತು. ಆದರೆ ಅದರ ರಂಧ್ರ ಅಗಲ, ಹೊಸ ತಂತಿಯ ತುದಿ ಕಿರಿದು!

ಕೊನೆಗೆ ನೆರೆಮನೆಯ ಚಾರ್ಜರ್ ಎರವಲು ಬಂತು. ಪರದೆಯಲ್ಲಿ ಮಗನ ಮುಖ ಬೆಳಗಿತು.

ಮರುದಿನ ಗೃಹಿಣಿ ಚಾರ್ಜರನ್ನು ಹಿಂತಿರುಗಿಸಿದರು, ಜೊತೆಗೊಂದು ಬಟ್ಟಲು ಸಕ್ಕರೆ.