ವ್ರತವೂ ವಿಧಿಯೂ

ವ್ರತವೆಂಬುದು ಮನುಷ್ಯನು ತನಗಾಗಿ ತಾನೇ ಕೈಕೊಳ್ಳುವ ನಿಯಮ. ವಿಧಿಯೆಂಬುದು ಎಲ್ಲರ ಮೇಲೆಯೂ ಹೊರಿಸುವ ನಿಯಮ. ಮೊದಲನೆಯದು ಎರಡನೆಯದಾಗಿ ಮಾರ್ಪಡುವ ಗಳಿಗೆಯು ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮೀನು ಹಿಡಿಯುವಂತಹ ಅಲ್ಪ ವಿಷಯದಲ್ಲಿ ಇಂಗ್ಲೆಂಡಿನ ನದಿಗಳ ದಡದ ಮೇಲೆ ನಡೆದ ಒಂದು ವಿವಾದವು ಇದಕ್ಕೆ ತಕ್ಕ ದೃಷ್ಟಾಂತವಾಗಿದೆ.

ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಬಹುಭಾಗದಲ್ಲಿ ನೆಲದಡಿಯಿರುವುದು ಸೀಮೆಸುಣ್ಣದ ಕಲ್ಲು. ಮಳೆಯ ನೀರು ಅದರೊಳಗೆ ಇಂಗಿ, ಸೋಸಿ, ಎಷ್ಟೋ ಕಾಲದ ಮೇಲೆ ಊಟೆಗಳಾಗಿ ಹೊರಬೀಳುವುದು. ಟೆಸ್ಟ್, ಇಚೆನ್ ಎಂಬ ನದಿಗಳು ಇಂತಹ ಊಟೆಗಳ ಮಕ್ಕಳು. ಊಟೆಯ ಬಾಯಲ್ಲಿ ನೀರಿನ ಶಾಖವು ಎಲ್ಲ ಋತುಗಳಲ್ಲಿಯೂ ಸುಮಾರು 10 ಅಥವಾ 11 ಡಿಗ್ರಿ ಸೆಂಟಿಗ್ರೇಡ್. ತಿಳಿಯಾದರೋ ತಳದ ಕಲ್ಲುಗಳನ್ನು ಎಣಿಸುವಷ್ಟು. ಆ ನೀರಿನಲ್ಲಿ ಬಿಳಿಯ ಹೂ ಬಿಡುವ ಜಲಸಸ್ಯಗಳು ಜಡೆಜಡೆಯಾಗಿ ಬೆಳೆಯುವುವು. ಆ ಜಡೆಗಳಲ್ಲಿ ಅಸಂಖ್ಯ ಹುಳುಗಳು. ಅವುಗಳ ನಡುವಣ ಓಣಿಗಳಲ್ಲಿ ಟ್ರೌಟ್ ಮೀನುಗಳು.

ಆಹಾರವು ಸಮೃದ್ಧವಾಗಿರುವಲ್ಲಿ ಉಣ್ಣುವವನು ನಾಜೂಕಿನವನಾಗುವನು. ಇಲ್ಲಿಯ ಟ್ರೌಟು ಕಂಡುದಕ್ಕೆಲ್ಲ ಬಾಯಿ ಹಾಕದು. ಅದಕ್ಕೆ ಪ್ರಿಯವಾದ ನೊಣವು ತನ್ನ ಆಯುಷ್ಯದ ಬಹುಭಾಗವನ್ನು ನೀರಿನೊಳಗೆ ಮರಿಹುಳುವಾಗಿ ಕಳೆದು, ಒಂದು ದಿನ ಮೇಲಕ್ಕೇರಿ, ತೊಗಲು ಬಿರಿದು, ರೆಕ್ಕೆಗಳನ್ನು ಹಾಯಿಯಂತೆ ಎತ್ತಿಕೊಂಡು ತೇಲುವುದು. ಮತ್ತೊಮ್ಮೆ ಪೊರೆ ಬಿಟ್ಟು, ಕೂಡಿ, ಮೊಟ್ಟೆಯಿಟ್ಟು, ರೆಕ್ಕೆ ಚೆಲ್ಲಿ ನೀರಿನ ಮೇಲೆ ಸಾಯುವುದು. ಟ್ರೌಟು ಒಂದೊಂದು ಹೊತ್ತಿನಲ್ಲಿ ಈ ಅವಸ್ಥೆಗಳಲ್ಲೊಂದನ್ನು ಮಾತ್ರ ಆರಿಸಿಕೊಂಡು, ಮಿಕ್ಕವನ್ನು ತಲೆಯ ಮೇಲೆಯೇ ಹಾದುಹೋಗಗೊಡುವುದುಂಟು. ಬೇಟೆಗಾರನ ಕಷ್ಟವು ಇಷ್ಟಕ್ಕೇ ಮುಗಿಯದು. ಕಳೆಗಳ ದೆಸೆಯಿಂದ ಪ್ರವಾಹವು ಒಂದೆಡೆ ಚುರುಕು, ಪಕ್ಕದಲ್ಲಿಯೇ ನಿಧಾನ. ಗಾಳದ ದಾರವನ್ನು ಚುರುಕಿನ ನೀರು ಸೆಳೆದೊಡನೆ ತುದಿಯ ಕೃತಕ ನೊಣವು ಗೆರೆಯೆಳೆದಂತೆ ಓಡುವುದು. ನಿಜವಾದ ನೊಣವು ಹಾಗೆ ಓಡದೆಂಬುದನ್ನು ಮೀನು ಬಲ್ಲದು.

ಗರಿ, ರೋಮ, ರೇಷ್ಮೆಯ ಎಳೆಗಳನ್ನು ಸಣ್ಣ ಕೊಕ್ಕೆಗೆ ಸುತ್ತಿ, ಮುಳುಗದಂತೆ ತೇಲಿಸುವ ಈ ನೊಣಕ್ಕೆ ‘ಒಣನೊಣ’ವೆಂದು ಹೆಸರು. ಈ ವಿದ್ಯೆಯು ಹಿಂದೆಯೇ ಇದ್ದಿತಾದರೂ ಅದಕ್ಕೆ ಶಾಸ್ತ್ರರೂಪವನ್ನು ಕೊಟ್ಟವನು ಫ್ರೆಡರಿಕ್ ಹಾಲ್ಫರ್ಡ್. ಮಿತ್ರನಾದ ಮ್ಯಾರಿಯಟ್ಟನ ನೆರವಿನಿಂದ ನೊಣಗಳನ್ನು ಹಿಡಿದು, ಹೋಲಿಸಿ, 1886ರಲ್ಲಿಯೂ 1889ರಲ್ಲಿಯೂ ಆತನು ಎರಡು ಗ್ರಂಥಗಳನ್ನು ಪ್ರಕಟಿಸಿದನು. ಮೀನು ಮೇಲೆದ್ದು ನೊಣವನ್ನು ಕಬಳಿಸುವುದನ್ನು ಕಣ್ಣಾರೆ ಕಾಣಬೇಕು. ಆ ನೊಣವನ್ನೇ ಹೋಲುವ ಒಣನೊಣವನ್ನು ಪ್ರವಾಹದ ಕೆಳಗಿನಿಂದ, ಅದರ ಮುಂದೆ ಹಗುರವಾಗಿ ಇಳಿಸಬೇಕು. ಇದು ಆತನ ಮತ. ಕಠಿಣವಾದ ಈ ದಾರಿಯನ್ನು ಬೇಕೆಂದೇ ಹಿಡಿಯುವುದರಲ್ಲಿ ಒಂದು ಸಂಯಮವಿದೆ, ಮೀನಿನ ವಿಷಯದಲ್ಲಿ ಒಂದು ಮರ್ಯಾದೆಯೂ ಇದೆ. ಆದರೆ ಅನುಯಾಯಿಗಳ ಕೈಯಲ್ಲಿ ಅದು ಬೇರೆ ಮಾರ್ಗವನ್ನೇ ನಿಷೇಧಿಸುವ ಆಚಾರವಾಯಿತು.

ಲಂಡನ್ನಿನ ವಕೀಲನಾದ ಸ್ಕ್ಯೂಸನು 1883ರಿಂದ ವಿಂಚೆಸ್ಟರಿನ ಬಳಿಯ ಇಚೆನ್ನಿನಲ್ಲಿ ಗಾಳ ಹಾಕುತ್ತಿದ್ದನು. ವೃತ್ತಿಯಲ್ಲಿ ಸಾಕ್ಷ್ಯವನ್ನು ಕೇಳಿ ಅಭ್ಯಾಸವಾದವನು ನದಿಯಲ್ಲಿಯೂ ಅದನ್ನು ಬಿಡಲಿಲ್ಲ. ಮೂಳೆಯ ಮಜ್ಜೆಯನ್ನು ತೆಗೆಯುವಂತಹ ಚಮಚದಿಂದ ಹಿಡಿದ ಮೀನಿನ ಹೊಟ್ಟೆಯೊಳಗಿನದನ್ನು ತೆಗೆದು, ಬಿಳಿಯ ತಟ್ಟೆಯ ನೀರಿನಲ್ಲಿ ಹರಡಿ ನೋಡಿದನು. ಮೇಲಿನ ನೊಣವನ್ನು ತಿನ್ನುತ್ತಿರುವಂತೆ ಕಾಣುವ ಮೀನು ಎಷ್ಟೋ ವೇಳೆ ತಿನ್ನುತ್ತಿದ್ದುದು ನೀರಿನ ಪೊರೆಯ ಕೆಳಗಿನ ಮರಿಹುಳುಗಳನ್ನು! ಅಂತಹ ಮೀನಿಗೆ ಮರಿಹುಳುವಿನ ಪ್ರತಿಕೃತಿಯನ್ನೇ ಒಡ್ಡುವುದು ನ್ಯಾಯವೆಂದು ಆತನು 1910ರ ಗ್ರಂಥದಿಂದ ಮೊದಲುಗೊಂಡು ವಾದಿಸಿದನು. ಹಾಲ್ಫರ್ಡನು ಮರಿಹುಳುವನ್ನು ಅರಿಯದವನಲ್ಲ. ಆದರೆ ಅದರ ಚಲನೆಯನ್ನು ಅನುಕರಿಸಲಾಗದೆಂದು ಆತನು ನಂಬಿದ್ದನು.

ಹಾಲ್ಫರ್ಡನು 1914ರಲ್ಲಿ ತೀರಿಕೊಂಡನು, ವಿವಾದವು ತೀರಲಿಲ್ಲ. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಇದೇ ಪ್ರಶ್ನೆಯನ್ನು ಕುರಿತು ಚರ್ಚೆ ನಡೆಯಿತು. ಎಂಬತ್ತರ ಹೊಸ್ತಿಲಲ್ಲಿದ್ದ ಸ್ಕ್ಯೂಸನು ತನ್ನ ಪಕ್ಷವನ್ನು ಮಂಡಿಸಿದನು, ಖಂಡಿಸಿದವರು ಹಲವರು. ತನ್ನೊಡನೆ ಆ ನೀರಿನ ಹಕ್ಕನ್ನು ಹಂಚಿಕೊಂಡಿದ್ದವರೂ ಮರಿಹುಳುವಿನ ಗಾಳವನ್ನು ಆಕ್ಷೇಪಿಸಲಾಗಿ, ಐವತ್ತು ವರ್ಷಗಳಿಗೂ ಮಿಕ್ಕು ತನಗೆ ಪಾಠಶಾಲೆಯಾಗಿದ್ದ ಇಚೆನ್ನಿನ ಆ ದಡವನ್ನು ಅದೇ ವರ್ಷ ಆತನು ಬಿಟ್ಟನು. 1949ರಲ್ಲಿ ಕಾಲವಾದನು. ಒಂದು ಕಾಲಕ್ಕೆ ಆಕ್ಷೇಪಕ್ಕೆ ಗುರಿಯಾಗಿದ್ದ ಮರಿಹುಳುವಿನ ಗಾಳವು ಇಂದು ಅಂತಹ ನದಿಗಳ ಎಷ್ಟೋ ಭಾಗಗಳಲ್ಲಿ, ಬೇಸಗೆಯ ಉತ್ತರಾರ್ಧದಲ್ಲಾದರೂ, ಸಮ್ಮತವಾಗಿದೆ.

ಒಣನೊಣವನ್ನೇ ನೆಚ್ಚಿ ದಿನವೆಲ್ಲ ಬರಿಗೈಯಲ್ಲಿ ಹಿಂದಿರುಗುವವನು ಹಾಸ್ಯಾಸ್ಪದನಲ್ಲ. ಆತನ ವ್ರತಕ್ಕೆ ಆತನೇ ಬೆಲೆ ತೆರುತ್ತಾನೆ. ಆದರೆ ಆ ವ್ರತವು ವಿಧಿಯಾದಾಗ ಅದರ ಬೆಲೆಯನ್ನು ತೆತ್ತವನು, ತಟ್ಟೆಯಲ್ಲಿ ಕಂಡುದನ್ನು ಕಂಡಂತೆ ಹೇಳಿದ ಮುದುಕನು. ಅಷ್ಟು ಹೊತ್ತಿಗೂ ಇಚೆನ್ನಿನ ಕಳೆಗಳ ಓಣಿಯಲ್ಲಿ ಟ್ರೌಟು, ಎರಡು ಪಕ್ಷಗಳ ಗೊಡವೆಯೂ ಇಲ್ಲದೆ, ತನಗೆ ಬೇಕಾದುದನ್ನೇ ಆರಿಸಿ ತಿನ್ನುತ್ತಿದ್ದಿತು.